ಬೇಸಿಗೆ ಬಾರದ ವರ್ಷದ ಅಂಕಿತ

ಇಂಗ್ಲೆಂಡಿನ ಕೊವೆಂಟ್ರಿಯ ಮನೆಯಲ್ಲಿ ಇಂಚರಾಳ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುವಾಗ ಅವಳ ನೋಟ್‌ಬುಕ್ ಸಿಕ್ಕಿತು. ಒಳಗೆ ಮೂರು ಇಂಗ್ಲಿಷ್ ಕವಿತೆಗಳು. ಮೂರೂ ಮುಗಿಯುವುದು 'ನನ್ನ ಫೀಬಸ್' ಎಂದೇ. ಹದಿಮೂರರ ಮಗಳು 'ನೀನಿಲ್ಲದೆ ಬರೀ ಚಳಿ' ಎಂದು ಬರೆದರೆ ಯಾವ ತಾಯಿ ಸುಮ್ಮನಿದ್ದಾಳು? ಶುಕ್ರವಾರದ ಶಾಲಾ ಪ್ರವಾಸದ ಫಾರ್ಮಿಗೆ ಸಹಿ ಹಾಕದೆ ತೆಗೆದಿಟ್ಟೆ.

"ಯಾರೇ ಈ ಫೀಬಸ್? ನಿನ್ ಕ್ಲಾಸವನಾ?"

"ಮಮ್ಮೀ, ಇಟ್ಸ್ ಹೋಮ್‌ವರ್ಕ್! 1816ರ ಯುರೋಪಿನ ಕವಿ ಥರ ಬರೀಬೇಕು. ಜ್ವಾಲಾಮುಖಿ ಬೂದಿ ಬಿಸಿಲು ತಡೆದು ಆ ವರ್ಷ ಅಲ್ಲಿ ಬೇಸಿಗೇನೇ ಬರಲಿಲ್ಲ. ಫೀಬಸ್ ಅಂದ್ರೆ ಗ್ರೀಕರ ಸೂರ್ಯದೇವ್ರು."

"ಮೂರರಲ್ಲೂ ಕೊನೇಲಿ ಅವನೇ ಯಾಕೆ?"

"ದೇವ್ರ ಹೆಸರಿಲ್ದೆ ವಚನ ಮುಗಿಯಲ್ಲ ಅಂತ ಅಜ್ಜೀನೇ ಹೇಳಿದ್ದು. ಆಸ್ಕ್ ಹರ್!"

ಧಾರವಾಡದ ಅತ್ತೆ ಪ್ರತಿ ಭಾನುವಾರ ಸ್ಕೈಪಿನಲ್ಲಿ ಅವಳಿಗೆ ವಚನ ಕಲಿಸುತ್ತಾರೆ. ಅವರಿಗೆ ಫೋನ್ ಮಾಡಿ ಕವಿತೆಯ ಅರ್ಥ ಹೇಳಿ, ಇಂಚರಾ ಹೇಳಿದ್ದು ನಿಜವೇ ಎಂದು ಕೇಳಿದೆ.

"ಹೌದವಾ, ನಾನೇ ಹೇಳೀನಿ. ಅಂಕಿತ ಇಲ್ಲದ ವಚನ ಎಲ್ಲೈತಿ? ಆದ್ರ ಕೂಸಿಗೆ ಅಷ್ಟು ಚಳಿ ಯಾಕ? ಸ್ವೆಟರ್ ಕೊಡಿಸಿಲ್ಲೇನು?"

ಫಾರ್ಮಿಗೆ ಸಹಿ ಹಾಕಿದೆ. ಆದರೂ ಶುಕ್ರವಾರ ಬಸ್ಸಿನ ಬಳಿ ಟೀಚರ್ ಹಾಜರಿ ಕೂಗುವಾಗ, ಕೊನೆಯ ಹೆಸರಿನವರೆಗೂ ಕಿವಿಗೊಟ್ಟು ನಿಂತಿದ್ದೆ.