ಇಪ್ಪತ್ತೆಂಟೋ ಮೂವತ್ತೈದೋ

ಒಣಗಲೆಂದು ಹಗ್ಗಕ್ಕೆ ಸಿಕ್ಕಿಸಿದ ಫೋಟೋ ಪ್ರಿಂಟಿನಿಂದ ಇನ್ನೊಂದು ಹನಿ, ಇಷ್ಟಗಲ ಮೇಜಿದ್ದರೂ ಲೆನ್ಸಿನ ಡಬ್ಬಿಯ ಮೇಲೆಯೇ ಬೀಳಬೇಕೇ, ಶಿವಬಸಪ್ಪ ಪಂಚೆಯ ತುದಿಯಿಂದ ಒರೆಸಿದ, ಒರೆಸುತ್ತ ಇನ್ನೊಂದು ಡಬ್ಬಿಯನ್ನೂ ಸರಿಸಿದ, ಎಡಕ್ಕೆ ಇಪ್ಪತ್ತೆಂಟು ಎಂ.ಎಂ. ಲೆನ್ಸು, ಬಲಕ್ಕೆ ಮೂವತ್ತೈದು, ಎರಡೂ ಕ್ಯಾಮೆರಾ ಸಾಮಾನು ಮಾರುವ ಆ ಲಕ್ಷ್ಮೀಪತಿ ಸಿಂಗಾಪುರದಿಂದ ತರಿಸಿದ್ದು, ಐದು ಗಂಟೆಗೆ ಬಂದು ನಿಲ್ಲುತ್ತಾನೆ, ಒಂದನ್ನ ನೀವಿಟ್ಕೊಳ್ಳಿ ಸಾರ್, ಇನ್ನೊಂದು ನಾಳೆ ಬೆಳಿಗ್ಗೆ ಮೈಸೂರಿಗೆ ಹೋಗ್ಬೇಕು, ಮಾತು ಕೊಟ್ಟಿದೀನಿ — ಮಾತು ಕೊಟ್ಟಿದ್ದಾನಂತೆ, ದೊಡ್ಡ ಮನುಷ್ಯ, ಇನ್ನೊಂದು ವಾರ ತಡೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು. ಇಪ್ಪತ್ತೆಂಟರಲ್ಲಿ ಕೆಂಗೇರಿ ಕೆರೆ ಪೂರ್ತಿ ಬರುತ್ತದೆ, ಏರಿ, ತೂಬು, ಆಲದಮರ, ಮೋಡ, ಯಾವುದೂ ಬಿಡುವುದಿಲ್ಲ, ಆದರೆ ಆಚೆಯ ಗುಡ್ಡ ಹುತ್ತದಷ್ಟಾಗುತ್ತದೆ. ಮೂವತ್ತೈದರಲ್ಲಿ ಗುಡ್ಡ ಗುಡ್ಡವಾಗಿಯೇ ಇರುತ್ತದೆ, ಆಲದಮರ ಮಾತ್ರ ಅರ್ಧಕ್ಕೆ ಕಟ್, ಅರ್ಧ ಎಂದರೆ ಶಿವಬಸಪ್ಪನಿಗೆ ಆಗದು, ರಾಜಾಜಿನಗರದಲ್ಲಿ ಸ್ಟುಡಿಯೋ ತೆರೆದ ವರ್ಷ ಒಂದು ಮದುವೆಯ ಗ್ರೂಪ್ ಫೋಟೋದಲ್ಲಿ ಹುಡುಗಿಯ ಸೋದರಮಾವ ಅರ್ಧ ಬಿಟ್ಟುಹೋಗಿದ್ದ, ಆತ ಫೋಟೋ ಹಿಡಿದುಕೊಂಡು ಬಂದು ಅಂಗಡಿಯ ಮುಂದೆ ಜನ ಸೇರಿಸಿದ್ದ, ಹೆಣ್ಣನ್ನ ಎತ್ಕೊಂಡು ಮಂಟಪಕ್ಕೆ ತಂದೋನು ನಾನು, ಒಂದು ಕಿವಿ ತೆಗೆದು ಕೊಟ್ಟಿದೀಯಲ್ಲಯ್ಯ. ಅಂದಿನಿಂದ ಫೋಟೋ ಎಂದರೆ ಮೊದಲು ಎರಡು ಹೆಜ್ಜೆ ಹಿಂದೆ, ಛತ್ರದ ಗೋಡೆ ಬೆನ್ನಿಗೆ ತಗುಲುವವರೆಗೆ ಹಿಂದೆ, ಯಾರೂ ತಪ್ಪಿಹೋಗಬಾರದು, ಕೆರೆಗೆ ಸೋದರಮಾವನಿಲ್ಲ ಎಂದು ಈ ಹಾಳು ಕಾಲಿಗೆ ಯಾರು ಹೇಳಬೇಕು.

ಫೋಟೋ ಪ್ರದರ್ಶನಕ್ಕೆ ಎರಡು ವರ್ಷ ಕಳಿಸಿದ, ಎರಡು ವರ್ಷವೂ ಚಿತ್ರ ವಾಪಸ್ಸು, ತೀರ್ಪುಗಾರರಾದ ಗಂಗಾಧರಯ್ಯನವರು ಕನ್ನಡಕ ಹಣೆಗೇರಿಸಿ, ಎಲ್ಲಾ ಇದೆ ಶಿವಬಸಪ್ಪನೋರೆ, ನೋಡೋಕೇ ಏನೂ ಇಲ್ಲ — ನಗುತ್ತಲೇ ಹೇಳಿದರು, ನಗದೆ ಹೇಳಿದ್ದರೆ ವಾಸಿಯಿತ್ತು. ಒಳ್ಳೆಯ ವೈಡ್ ಲೆನ್ಸ್ ಇಲ್ಲ ಸಾರ್, ಅದಕ್ಕೇ ಹೀಗೆ, ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಾಯಿತು, ಈಗ ಕಣ್ಣೆದುರು ಒಂದಲ್ಲ ಎರಡು, ಇನ್ನು ತಪ್ಪನ್ನು ಯಾರ ಮೇಲೆ ಹಾಕುತ್ತಾನೆ, ಚಿತ್ರ ಕಳಿಸಲು ನಾಳೆ ಕಡೆಯ ದಿನ, ಈ ಸಲವೂ ವಾಪಸ್ಸಾದರೆ ಪಾಸ್‌ಪೋರ್ಟ್ ಸೈಜಿನಲ್ಲೇ ಬದುಕು ಮುಗಿಯಿತು, ಗದ್ದ ಸ್ವಲ್ಪ ಮೇಲೆ, ಕಣ್ಣು ಮುಚ್ಚಬೇಡಿ, ಮುಂದಿನವರು ಬನ್ನಿ. ಅಳು ಬರುವಷ್ಟು ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂಬುದೇ ತಿಳಿಯುತ್ತಿಲ್ಲ.

ನಾಲ್ಕೂ ಮುಕ್ಕಾಲು, ನಿನ್ನೆ ತೆಗೆದ ಹನ್ನೆರಡೂ ಚಿತ್ರಗಳು ಒಂದೇ ಹಾಳೆಯಲ್ಲಿ ಸಾಲಾಗಿವೆ, ಮೊದಲ ಆರು ಮೂವತ್ತೈದರವು, ಆಮೇಲಿನ ಆರು ಇಪ್ಪತ್ತೆಂಟರವು, ಭೂತಗನ್ನಡಿ ಇಟ್ಟು ನೋಡುತ್ತಾನೆ, ಗುಡ್ಡದ ಅಳತೆ ತಿಳಿಯಲಿ ಎಂದು ಹೆಂಡತಿ ಗಿರಿಜಾದೇವಿಯನ್ನು ಏರಿಯ ಮೇಲೆ ನಿಲ್ಲಿಸಿದ್ದ, ಅಲ್ಲೇ ಇರು, ಅಲ್ಲಾಡಬೇಡ, ಒಂದೇ ನಿಮಿಷ — ಒಂದನೆಯದರಲ್ಲಿ ಸೀರೆಯ ಅಂಚು ಕೂಡ ಕಾಣುತ್ತದೆ, ಮೂರಕ್ಕೆ ಅಂಚಿಲ್ಲ, ಆರಕ್ಕೆ ಮುಖವಿಲ್ಲ, ಹನ್ನೆರಡಕ್ಕೆ ಸಾಸಿವೆ ಕಾಳು, ಲೆನ್ಸು ಬದಲಾಯಿಸಿದ ಮೇಲೂ ಇವನು ಹಿಂದೆ ನಡೆಯುತ್ತಲೇ ಇದ್ದಾನೆ, ಮತ್ತೆ ಅವಳ ಒಂದು ಕೈ, ಮೂರನೆಯ ಚಿತ್ರದಿಂದ ಮೇಲೆತ್ತಿಯೇ ಇದೆ, ಬಿಸಿಲಿಗೆ ಅಡ್ಡ ಹಿಡಿದಿದ್ದಾಳೆ ಎಂದುಕೊಂಡಿದ್ದ, ಬಿಸಿಲು ಅವಳ ಬೆನ್ನಿನ ಕಡೆಗಿತ್ತಲ್ಲ. ಗಿರಿಜಾ, ನಿನ್ನೆ ಯಾಕೆ ಕೈ ಎತ್ತಿದ್ದೆ. ಅಡುಗೆಮನೆಯಿಂದ ಒಗ್ಗರಣೆಯ ಸದ್ದಿನ ನಡುವೆ ಅವಳು, ಕರೀತಿದ್ದೆ ಕಣ್ರೀ, ಇಲ್ಲಿಂದ ಎಷ್ಟು ಚೆನ್ನಾಗಿ ಕಾಣತ್ತೆ ಬನ್ನಿ ಅಂತ, ನೀವು ಹಿಂದೆ ಹಿಂದೆ ಹೋಗ್ತಾನೇ ಇದ್ರಿ, ಆಮೇಲೆ ನಾನೂ ಸುಮ್ನಾದೆ. ಸುಮ್ಮನಾಗಿಲ್ಲ, ಸುಳ್ಳು ಹೇಳುತ್ತಾಳೆ, ಏಳರಲ್ಲಿ ಇದೆ, ಒಂಬತ್ತರಲ್ಲಿ ಇದೆ, ಗಾಜನ್ನು ಇನ್ನೂ ಹತ್ತಿರ ತಂದ, ಬಾಗಿಲು ಬಡಿದ ಸದ್ದು, ಸಾರ್, ನಾನು ಲಕ್ಷ್ಮೀಪತಿ, ಯಾವುದು ಇಟ್ಕೊಂಡ್ರಿ, ಇಪ್ಪತ್ತೆಂಟೋ ಮೂವತ್ತೈದೋ — ಹನ್ನೊಂದರಲ್ಲೂ ಇದೆ, ಸಾರ್, ಇದೀರಾ — ಹನ್ನೆರಡರಲ್ಲಿ ಕೂದಲೆಳೆಯಷ್ಟು, ಎತ್ತಿದ್ದು ಎತ್ತಿದಂತೆಯೇ, ಇಳಿಸಿಲ್ಲ, ಆ ಕೈ.