ಮೂರು ಕಾಲಿನವನ ದನಿ

ಗಾಜಿನ ಆಚೆ ಹೊಸ ಆಟವನ್ನು ಆಡಿ ನೋಡಲು ಕೂತಿದ್ದ ಐದೂ ಜನ ಒಟ್ಟಿಗೆ ನಕ್ಕರು. ಒಬ್ಬಳಂತೂ ಆಟ ಆಡುವುದನ್ನೇ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಗಾಜಿನ ಈಚೆ ನಿಂತು ನೋಡುತ್ತಿದ್ದ ಅವನ ಮುಖ ಅರಳಿತು. ಮೂರು ವಾರ ಗಂಟಲು ಹರಿದುಕೊಂಡಿದ್ದು ಸಾರ್ಥಕವಾಯಿತು ಅಂದುಕೊಂಡ. ಅಷ್ಟರಲ್ಲಿ ಅವರು ಅದೇ ಸಾಲನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಈ ಸಲ ಅವನೂ ಕಿವಿಗೊಟ್ಟ. ದನಿ ಅವನದಲ್ಲ, ಅವನ ಹೆಂಡತಿಯದು.

ಅದೊಂದು ತಮಾಷೆಯ ವಿಡಿಯೋ ಗೇಮ್. ಆಡುವವರೇ ಬೇರೆ ಗ್ರಹದಿಂದ ಭೂಮಿ ಗೆಲ್ಲಲು ಬಂದ ಮೂರು ಕಾಲಿನ ಜೀವಿ. ಪಾಪದವನಿಗೆ ಒಂದೂ ನೆಟ್ಟಗಾಗುವುದಿಲ್ಲ. ಬಂದೂಕು ಹೊಡೆದರೆ ಕೋಳಿಗಳೆಲ್ಲ ಕೊಡೆಗಳಾಗುತ್ತವೆ. ಅವನ ಬಾಯಲ್ಲಿ ಒಟ್ಟು ಇನ್ನೂರ ಹದಿನಾಲ್ಕು ಸಾಲು ಮಾತು. ಇಪ್ಪತ್ತು ವರ್ಷ ಸೋಪಿನ ಜಾಹೀರಾತಿಗೂ ರೈಲು ತಡವಾಗಿದೆ ಅನ್ನುವುದಕ್ಕೂ ದನಿ ಕೊಟ್ಟು 'ಕಂಚಿನ ಕಂಠ' ಅನ್ನಿಸಿಕೊಂಡವನಿಗೆ, ಕೊನೆಗೂ ಸಿಕ್ಕ ನಾಯಕನ ಪಾತ್ರ ಅದು.

ಹೆಂಡತಿ ಆ ಆಟ ತಯಾರಿಸುವ ಕಚೇರಿಯಲ್ಲೇ ಬಾಗಿಲ ಬಳಿಯ ಮೇಜಿನವಳು. ಫೋನು ಎತ್ತುತ್ತಾಳೆ, ಮಾತಿನ ಹಾಳೆಗಳನ್ನು ಟೈಪು ಮಾಡುತ್ತಾಳೆ. ಬೊಂಬೆಯ ಬಾಯಿ ಎಷ್ಟು ಹೊತ್ತು ಆಡಬೇಕೆಂದು ಚಿತ್ರ ಬರೆಯುವವರಿಗೆ ಗೊತ್ತಾಗಲೆಂದು, ಕಲಾವಿದರು ಬರುವ ಮೊದಲು ಕೈಗೆ ಸಿಕ್ಕವರ ದನಿಯಲ್ಲಿ ಎಲ್ಲ ಸಾಲುಗಳನ್ನೂ ಹೇಳಿಸಿ ಇಟ್ಟುಕೊಳ್ಳುತ್ತಾರೆ. ಅದು ಕಚ್ಚಾ ದನಿ. ಈ ಸಲ ಕೈಗೆ ಸಿಕ್ಕವಳು ಅವಳು. ಕಲಾವಿದ ತನ್ನ ಸಾಲು ಹೇಳಿ ಮುಗಿಸಿ ಹಾಳೆಯಲ್ಲಿ ಹಸಿರು ಗುರುತು ಹಾಕಿದರೆ, ಸಂಜೆ ಆ ಸಾಲಿನ ಕಚ್ಚಾ ದನಿಯನ್ನು ಅಳಿಸುತ್ತಾರೆ. ಒಂದೇ ಒಂದು ಸಾಲಿಗೆ ಅವನು ಗುರುತು ಹಾಕಲು ಮರೆತಿದ್ದ. ಹಾಗಾಗಿ ಅಲ್ಲಿ ಅವಳ ದನಿ ಆಟದಲ್ಲೇ ಉಳಿದುಬಿಟ್ಟಿತ್ತು.

ಮೂರು ಕಾಲಿನವ ಮೊದಲ ಸಲ ಒಂದು ಮನೆಯ ಬಾಗಿಲು ತಟ್ಟುವ ಜಾಗ ಅದು. "ಮನೇಲಿ ಯಾರಾದ್ರೂ ಇದ್ದೀರಾ? ನಿಮ್ಮ ಭೂಮಿ ಗೆಲ್ಲೋಕೆ ಬಂದಿದ್ದೆ. ಚಪ್ಪಲಿ ಎಲ್ಲಿ ಬಿಡ್ಲಿ? ಮೂರಿದೆ."

ಅವನು ಇದನ್ನು ಗೋಡೆ ನಡುಗುವಂತೆ ಹೇಳಿದ್ದ. ಅವಳು ಸುಮ್ಮನೆ ಹೇಳಿದ್ದಳು, ಪಕ್ಕದ ಮನೆಗೆ ಏನೋ ಕೇಳಲು ಹೋದವಳ ಹಾಗೆ.

"ಬೇಜಾರ್ ಮಾಡ್ಕೋಬೇಡಿ ಸರ್," ಎಂದಳು ಆಟದ ನಿರ್ದೇಶಕಿ. "ಆ ಸಾಲಿಗೆ ಗುರುತು ಹಾಕ್ಬೇಡಿ, ಹಂಗೇ ಇರ್ಲಿ. ಮಿಕ್ಕಿದ್ದನ್ನೂ ನಾಳೆ ಅಕ್ಕನ ಹತ್ರ ಹೇಳಿಸಿ ನೋಡೋಣ ಅಂತ."

"ಅಯ್ಯೋ, ಬೇಜಾರ್ ಯಾಕಮ್ಮ? ನಮ್ಮನೆಯವಳೇ ಅಲ್ವಾ," ಎಂದ ಕಂಚಿನ ಕಂಠದಲ್ಲಿ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಹೊರಗಿನವರು ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಹೆಂಡತಿಯ ಎದುರು ಬಾಯಿತುಂಬ ಬೈದು ಹಗುರಾಗಬಹುದಿತ್ತು. ಈಗ ಯಾರ ಎದುರು ಬೈಯುವುದು? ಹೊರಡುವ ಮುನ್ನ ಹಾಳೆ ಹುಡುಕಿ, ಆ ಸಾಲಿನ ಮುಂದೆ ಒತ್ತಿ ಹಸಿರು ಗುರುತು ಹಾಕಿದ.

ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಮೆಲ್ಲಗೆ ಹೇಳಿ ನೋಡಿದ. "ಚಪ್ಪಲಿ ಎಲ್ಲಿ ಬಿಡ್ಲಿ?" ಇನ್ನೊಮ್ಮೆ. ಮತ್ತೊಮ್ಮೆ.

"ಅಷ್ಟು ಗತ್ತು ಬೇಡ ರೀ," ಎಂದಿತು ಅಡುಗೆಮನೆ ಕಡೆಯಿಂದ ಬಂದ ದನಿ. "ಅವನಿಗೆ ಒಳಗೊಳಗೇ ಭಯ."

"ಯಾವನಿಗೆ?"

"ಮೂರು ಕಾಲಿನವನಿಗೆ. ಬೇರೆಯವರ ಮನೆ ಬಾಗಿಲಲ್ವಾ?"

ಒದ್ದೆ ತಲೆಯಲ್ಲೇ ಹೊರಗೆ ಬಂದ. "ನೀನು ನಂಗೆ ಹೇಳ್ಕೊಡ್ತೀಯೇನೇ?"

ಅವಳು ತಟ್ಟೆ ಇಟ್ಟಳು, ಬಡಿಸಿದಳು, ತಾನೂ ಎದುರಿಗೆ ಕೂತಳು. ಅರ್ಧ ಊಟವಾದ ಮೇಲೆ, "ಗುರುತು ನೋಡ್ದೆ," ಎಂದಳು. "ಹಾಳೆ ತೂತಾಗಿದೆ."

ಅವನು ನೀರು ಕುಡಿದ.

"ನಾಳೆ ನಾನು ಒಲ್ಲೆ ಅನ್ಬೇಕಾ? ಹೇಳಿ, ಅಂದ್ಬಿಡ್ತೀನಿ."

"ನಿನ್ನಿಷ್ಟ," ಎಂದ. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತಿನ ಅರ್ಥ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಅವನ ಉರಿ ಇನ್ನೂ ಹೆಚ್ಚಾಯಿತು.

ಕಚ್ಚಾ ದನಿ ಅಳಿಸಿಹೋಗಿದೆ ಎಂದು ಧ್ವನಿಮುದ್ರಣದವನು ಹೇಳಿದಾಗ ನಿರ್ದೇಶಕಿ ತಲೆ ಮೇಲೆ ಕೈ ಹೊತ್ತಳು. "ಗುರುತಿತ್ತು ಮೇಡಂ, ಅದಕ್ಕೇ ಅಳಿಸ್ದೆ." ಎಲ್ಲರೂ ಅವನ ಕಡೆ ತಿರುಗಿದರು. "ಅಭ್ಯಾಸದ ಮೇಲೆ ಹಾಕ್ಬಿಟ್ಟೆ ಅನ್ಸುತ್ತೆ," ಎಂದ. ಹೆಂಡತಿ ನೆಲ ನೋಡುತ್ತಿದ್ದಳು.

ಅವಳನ್ನು ಧ್ವನಿಮುದ್ರಣದ ಕೋಣೆಯೊಳಗೆ ನಿಲ್ಲಿಸಿದರು. ಮೈಕು ಅವನ ಎತ್ತರಕ್ಕಿತ್ತು. "ಇಳಿಸಿಕೊಡ್ಲಾ ಅಕ್ಕಾ?" ಎಂದ ಮುದ್ರಣದವನು. "ಬೇಡಪ್ಪಾ, ಅದು ಅವರದು. ಹಂಗೇ ಇರ್ಲಿ," ಎಂದು ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿ ನಿಂತಳು.

ಅಳಿಸಿಹೋದ ಆ ಸಾಲನ್ನೇ ಮೊದಲು ಒಂದು ಸಲ ಹೇಳಿದಳು. ಸಪ್ಪೆ. ಎರಡನೆಯ ಸಲ ಪಾಠ ಒಪ್ಪಿಸಿದಂತಿತ್ತು. ಐದನೆಯ ಸಲಕ್ಕಂತೂ ಅವಳು ಅವನ ಹಾಗೆಯೇ, ಎದೆಯಿಂದ ದನಿ ತೆಗೆದು ಗತ್ತಿನಲ್ಲಿ ಹೇಳಿದಳು. ಇಪ್ಪತ್ತು ವರ್ಷ ಕೇಳಿದ್ದು ಅದನ್ನೇ ತಾನೆ? ಹಿಮ್ಮಡಿ ಎತ್ತಿಕೊಂಡು ಚಪ್ಪಲಿ ಎಲ್ಲಿ ಬಿಡಲಿ ಎಂದು ಸಹಜವಾಗಿ ಕೇಳಲು ಯಾರಿಗೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಮೈಕು ಇಳಿಸು ಎನ್ನದೆ ಕೂತಿದ್ದ.

ನಿರ್ದೇಶಕಿ ಉಸಿರು ಬಿಟ್ಟಳು. "ಹೋಗ್ಲಿ ಬಿಡಿ ಸರ್. ನಿಮ್ಮದನ್ನೇ ಇಟ್ಕೊಳ್ಳೋಣ."

ಗೆದ್ದ. ಎದೆ ತಾನಾಗಿಯೇ ಉಬ್ಬಿತು. ಗಾಜಿನಾಚೆ ಅವಳು ಹಾಳೆ ಮಡಚಿ, ಹಿಮ್ಮಡಿ ಊರಿ, ಅವನ ಕಡೆ ನೋಡಿ ನಕ್ಕಳು. ಸೋತ ನಗುವಲ್ಲ. ಸದ್ಯ, ನಿಮ್ಮದು ನಿಮಗೇ ಉಳಿಯಿತಲ್ಲ ಎನ್ನುವ ನಿರಾಳದ ನಗು.

ಅವಳು ಕೊಂಕು ನಗೆ ನಕ್ಕಿದ್ದರೂ ಅವನು ತಡೆದುಕೊಳ್ಳಬಹುದಿತ್ತು. ಎದ್ದು ಒಳಗೆ ಹೋದ. ಮೈಕಿನ ತಿರುಪು ಸಡಿಲಿಸಿ ಒಂದು ಗೇಣು ಕೆಳಗಿಳಿಸಿದ.

"ರೀ, ಏನ್ ಮಾಡ್ತಿದ್ದೀರಾ? ಅವರು ಆಯ್ತು ಅಂದ್ರಲ್ಲ."

"ಇಲ್ಲೇ ನಿಂತಿರು."

ಹೊರಗೆ ಬಂದು ಬಾಗಿಲು ಹಾಕಿ, ಒಳಗಿನವರ ಜೊತೆ ಮಾತಾಡುವ ಗುಂಡಿ ಒತ್ತಿದ. ಕಂಚಿನ ಕಂಠ ಪಕ್ಕಕ್ಕಿಟ್ಟು, ಮನೆಯಲ್ಲಿ ಪೇಪರು ಓದುತ್ತ ಕೂತಾಗ ಯಾರಾದರೂ ಕದ ತಟ್ಟಿದರೆ ಕೇಳುವಂತೆ ಕೇಳಿದ. "ಯಾರದು?"

ಅವಳು ಬೆಚ್ಚಿದಳು. ತುಟಿಯಂಚು ಅಲುಗಿತು.

"ಮನೇಲಿ ಯಾರಾದ್ರೂ ಇದ್ದೀರಾ? ನಿಮ್ಮ ಭೂಮಿ ಗೆಲ್ಲೋಕೆ ಬಂದಿದ್ದೆ. ಚಪ್ಪಲಿ ಎಲ್ಲಿ ಬಿಡ್ಲಿ?" ಒಂದು ಕ್ಷಣ ತಡೆದು, ತಪ್ಪು ಒಪ್ಪಿಕೊಳ್ಳುವಂತೆ, "ಮೂರಿದೆ," ಎಂದಳು.

ಮುದ್ರಣದವನು ಕುರ್ಚಿಯಲ್ಲೇ ಮಗುಚಿಕೊಂಡು ನಕ್ಕ. ನಿರ್ದೇಶಕಿ ಕಣ್ಣೊರೆಸಿಕೊಂಡಳು. ಅವನಿಗೆ ನಗು ಬರಲಿಲ್ಲ. ಹೊಟ್ಟೆಯ ಉರಿ ಇದ್ದಲ್ಲೇ ಇತ್ತು.

"ಸರ್, ಮುಂದಿನ ಸಾಲಿಗೂ ಹಂಗೇ ಕೇಳ್ತೀರಾ?" ಎಂದಳು ನಿರ್ದೇಶಕಿ.

ಹಾಳೆಯಲ್ಲಿ ಇನ್ನೂ ಇನ್ನೂರ ಹದಿಮೂರು ಸಾಲುಗಳಿದ್ದವು, ಎಲ್ಲದರ ಮುಂದೆಯೂ ಅವನದೇ ಹಸಿರು ಗುರುತು. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಗುಂಡಿ ಒತ್ತಿ, "ಯಾರದು?" ಎಂದ.