ಎರಡನೇ ಹಾಳೆಯ ಮೂರು

ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ವಾರವೇ ಅವನಿಗೆ ‘ಏಣಿ’ ಎಂಬ ಹೆಸರು ಬಿತ್ತು. ಹಾಸ್ಟೆಲಿನ ಬಾಗಿಲುಗಳಲ್ಲಿ ತಲೆ ತಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ, ಅಷ್ಟು ಎತ್ತರ. ಲ್ಯಾಬಿನ ಕಪಾಟಿನ ಮೇಲಿನ ಅರೆಯಿಂದ ಏನು ಇಳಿಸಬೇಕಾದರೂ “ಏಣಿ ತನ್ನಿ” ಎಂದು ಯಾರಾದರೂ ಕೂಗುವರು, ಅವನು ನಗುತ್ತಾ ಎದ್ದು ಹೋಗಿ ಇಳಿಸಿಕೊಡುವನು. ಅವನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ ‘ಗಿಣಿ’ ಎಂದು ಹೆಸರಿಟ್ಟಿದ್ದರು. ಓದಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಗಟ್ಟಿ ಮಾಡುವುದು ಅವಳ ಅಭ್ಯಾಸ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಅಂಗೈ ಮೂಳೆಗಳ ಹೆಸರು ಗುನುಗುತ್ತಿದ್ದಳು. ಹಾಜರಿಯಲ್ಲಿ ಇಬ್ಬರ ಹೆಸರೂ ಹಿಂದೆಮುಂದೆ ಇದ್ದದ್ದರಿಂದ ಎಲ್ಲ ಪ್ರಾಕ್ಟಿಕಲ್‌ಗೂ ಅವರಿಬ್ಬರೇ ಜೋಡಿ.

ಆ ವರ್ಷ ಸೇರಿದವರೆಲ್ಲ ಹೆದರಿದ್ದು ಹೆಣ ಕೊಯ್ಯುವ ಕೋಣೆಗೆ. ಮೊದಲ ದಿನ ಒಬ್ಬ ಬಾಗಿಲಲ್ಲೇ ಕುಸಿದ, ಗಿಣಿ ಎರಡು ದಿನ ಅನ್ನ ಮುಟ್ಟಲಿಲ್ಲ. ಏಣಿಗೆ ಅಲ್ಲಿ ಏನೂ ಆಗಲಿಲ್ಲ. ಔಷಧಿಯ ಘಾಟಿಗೆ ಕಣ್ಣು ಉರಿದದ್ದು ಬಿಟ್ಟರೆ ಅವನು ಶಾಂತವಾಗಿ ನಿಂತು, ಚರ್ಮದ ಕೆಳಗಿನ ನರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ. “ಇವನು ಸರ್ಜನ್ ಆಗ್ತಾನೆ ನೋಡ್ತಿರಿ” ಎಂದು ಹುಡುಗರು ಆಗಲೇ ತೀರ್ಮಾನ ಮಾಡಿಬಿಟ್ಟರು.

ಅವನ ಜೀವ ಹಿಂಡಿದ್ದು ಮೈಕ್ರೋಸ್ಕೋಪು. ಲಿವರು, ಕಿಡ್ನಿ, ನಾಲಿಗೆ, ಹೀಗೆ ಯಾವುದಾದರೊಂದು ಅಂಗದ ತೀರಾ ತೆಳು ಚೂರನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿ ಕೊಡುತ್ತಿದ್ದರು; ಅದು ಯಾವ ಅಂಗ ಎಂದು ನೋಡಿ ಹೇಳಬೇಕು. ಆ ಪಾಠ ಮಾಡುತ್ತಿದ್ದವರನ್ನು ಎಲ್ಲರೂ ಸ್ಲೈಡ್ ಮೇಷ್ಟ್ರು ಎನ್ನುತ್ತಿದ್ದರು. “ನೇರಳೆ ಚುಕ್ಕಿ ಕಾಣ್ತಿದೆಯಲ್ಲ, ಅದು ನ್ಯೂಕ್ಲಿಯಸ್ಸು. ಸುತ್ತಮುತ್ತ ಗುಲಾಬಿ. ಅಷ್ಟೇ ಕಣ್ರೋ, ಇದರಲ್ಲೇನು ಬ್ರಹ್ಮವಿದ್ಯೆ ಇದೆ?” ಎನ್ನುವರು. ಏಣಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವನು. ಬೂದಿಯಂಥ, ನೀಲಿಯಂಥ ಒಂದೇ ಬಗೆಯ ಮಬ್ಬು. ಎಲ್ಲರಿಗೂ ಹೀಗೇ ಕಾಣುತ್ತದೆ, ತಾನೇ ದಡ್ಡ ಎಂದುಕೊಂಡ. ನೋಡಿದ್ದನ್ನು ರೆಕಾರ್ಡಿನಲ್ಲಿ ಬರೆದು ಬಣ್ಣ ತುಂಬಲು ಒಂದು ತುದಿ ಗುಲಾಬಿ, ಇನ್ನೊಂದು ತುದಿ ನೇರಳೆ ಇರುವ ಪೆನ್ಸಿಲ್ ಕೊಟ್ಟಿದ್ದರು. ಯಾವ ತುದಿ ಯಾವುದೆಂದು ಅವನು ಊಹೆಯ ಮೇಲೆ ನಡೆಸುತ್ತಿದ್ದ.

ಒಂದು ದಿನ ಮೇಷ್ಟ್ರು ಅವನ ರೆಕಾರ್ಡನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. “ನೋಡ್ರಪ್ಪಾ, ನೇರಳೆ ಸಮುದ್ರದಲ್ಲಿ ಗುಲಾಬಿ ಚುಕ್ಕಿ! ಏನಯ್ಯಾ ಏಣಿ, ಇದು ಲಿವರೋ ಐಸ್‌ಕ್ರೀಮೋ?”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಏಣಿಯೂ ನಕ್ಕ, ಬೇರೆ ದಾರಿ ಇರಲಿಲ್ಲ.

ಫಿಸಿಯಾಲಜಿ ಲ್ಯಾಬಿನಲ್ಲಿ ಕಣ್ಣಿನ ಪರೀಕ್ಷೆ ಕಲಿಸಿದ್ದು ಅದಾಗಿ ಕೆಲವು ದಿನಗಳಿಗೆ. ಜೋಡಿಯಲ್ಲಿ ಒಬ್ಬರು ರೋಗಿ, ಒಬ್ಬರು ಡಾಕ್ಟರು. ಗೋಡೆಯ ಮೇಲಿನ ಅಕ್ಷರಗಳನ್ನು ಏಣಿ ಕೊನೆಯ ಸಾಲಿನವರೆಗೂ ತಡವರಿಸದೆ ಓದಿದ. ಆಮೇಲೆ ಗಿಣಿ ದಪ್ಪ ಹಾಳೆಗಳ ಒಂದು ಪುಸ್ತಕ ಬಿಚ್ಚಿದಳು. ಒಂದೊಂದು ಹಾಳೆಯಲ್ಲೂ ಬಣ್ಣಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಒಂದು ಸಂಖ್ಯೆ.

“ಹನ್ನೆರಡು” ಎಂದ ಏಣಿ.

“ಸರಿ. ಇದು?”

“ಮೂರು.”

ಗಿಣಿ ನಕ್ಕಳು. “ಲೋ, ಸರಿಯಾಗಿ ನೋಡೋ. ತಮಾಷೆ ಮಾಡಬೇಡ.”

“ಮೂರು ಕಣೇ.”

“ಎಂಟಲ್ವಾ?”

ಅವನು ಹಾಳೆಯನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ. ಮೂರೇ. ಮುಂದಿನ ಕೆಲವು ಹಾಳೆಗಳಲ್ಲಿ ಅವನಿಗೆ ಬರೀ ಚುಕ್ಕಿ ಕಂಡಿತು, ಸಂಖ್ಯೆಯ ಸುಳಿವೇ ಇಲ್ಲ. ಗಿಣಿಯ ನಗು ನಿಂತುಹೋಯಿತು. ಬಣ್ಣಗುರುಡು ತಾಯಿಯಿಂದ ಮಗನಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಅವನ ಪ್ರವೇಶ ಪರೀಕ್ಷೆಯಲ್ಲೇ ಬಂದಿತ್ತು. ಒಂದಂಕವೂ ಹೋಗದಂತೆ ಉತ್ತರಿಸಿದ್ದ. ಅದು ತನ್ನದೇ ಕಥೆ ಎಂದು ಒಂದು ಕ್ಷಣಕ್ಕೂ ಹೊಳೆದಿರಲಿಲ್ಲ.

ಸಾಲಿನ ಆ ತುದಿಯಿಂದ ಫಿಸಿಯಾಲಜಿ ಮೇಡಂ ಒಬ್ಬೊಬ್ಬರ ಉತ್ತರ ನೋಡುತ್ತಾ ಬರುತ್ತಿದ್ದರು. ಏಣಿ ಗಿಣಿಯ ಉತ್ತರದ ಹಾಳೆ ಎಳೆದುಕೊಂಡು, ರೋಗಿಯಾಗಿದ್ದಾಗ ಅವಳು ಬರೆದಿದ್ದ ಸಂಖ್ಯೆಗಳನ್ನೇ ತನ್ನದರಲ್ಲಿ ಗೀಚಿದ. ಮೇಡಂ ಬಂದರು, ಎರಡೂ ಹಾಳೆ ನೋಡಿದರು, ಸಹಿ ಹಾಕಿ ಮುಂದೆ ಹೋದರು.

“ಯಾರಿಗಾದರೂ ಹೇಳಿದ್ರೆ ನೋಡು” ಎಂದ ಏಣಿ, ಹೊರಗೆ ಬಂದ ಮೇಲೆ.

“ನಾನ್ಯಾಕೆ ಹೇಳಲಿ? ಆದರೆ ನೀನು ಎಷ್ಟು ದಿನ ಮುಚ್ಚಿಡ್ತೀಯ?”

“ಕಾಲೇಜಿಂದ ಕಳಿಸಿಬಿಡ್ತಾರೆ ಕಣೇ.”

 

ಆ ಶನಿವಾರ ಏಣಿ ಮನೆಗೆ ಹೋದ. ಅವನಿಗೆ ತಂದೆ ಇರಲಿಲ್ಲ. ಮನೆಯಲ್ಲಿ ಅಮ್ಮ, ಅಮ್ಮನ ಅಪ್ಪ. ಅಮ್ಮ ನೂಲು, ಗುಂಡಿ, ಸೂಜಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದಳು. ದರ್ಜಿಗಳು ಬಟ್ಟೆಯ ಚೂರು ತಂದರೆ ಅದಕ್ಕೆ ಹೊಂದುವ ನೂಲನ್ನು ಕಣ್ಣಳತೆಯಲ್ಲೇ ತೆಗೆದುಕೊಡುವುದರಲ್ಲಿ ಅವಳದು ಎತ್ತಿದ ಕೈ. ಮಗ ಚಿಕ್ಕವನಿದ್ದಾಗ ಅಂಗಡಿಯಲ್ಲಿ ಕೂರಿಸಿ ನೋಡಿದ್ದಳು. ಅವನು ಹಸಿರು ಕೇಳಿದವರಿಗೆ ಕಂದು ಕೊಡುತ್ತಿದ್ದ, ಕೆಂಪು ಕೇಳಿದವರಿಗೂ ಕಂದೇ. “ಗಮನ ಎಲ್ಲಿಟ್ಟಿರ್ತೀಯೋ!” ಎಂದು ಬೈದಿದ್ದಳು. ಒಮ್ಮೆ ಒಬ್ಬ ದರ್ಜಿ ತಪ್ಪು ನೂಲಿನಲ್ಲಿ ಹೊಲಿದು ಬಂದು ಕೂಗಾಡಿದಾಗ, ಗಿರಾಕಿಗಳ ಎದುರಿಗೇ ಮಗನ ಕೆನ್ನೆಗೆ ಬಿಟ್ಟಿದ್ದಳು.

ಊಟ ಬಡಿಸುವಾಗ ಏಣಿ ವಿಷಯ ಹೇಳಿದ. ಅಮ್ಮ ಸೌಟು ಹಿಡಿದುಕೊಂಡೇ ಕುಳಿತಳು.

“ಹಂಗಾದರೆ ನೀನು ಬೇಕಂತ ಮಾಡ್ತಿರಲಿಲ್ಲ.”

“ಇಲ್ಲಮ್ಮ.”

“ಎಲ್ಲಿಂದ ಬಂತು ಇದು?”

ಏಣಿ ತಟ್ಟೆ ನೋಡಿಕೊಂಡು ಹೇಳಿದ, “ಸಾಮಾನ್ಯವಾಗಿ ತಾಯಿ ಕಡೆಯಿಂದ ಬರುತ್ತೆ. ತಾಯಿಗೆ ಏನೂ ಆಗಿರಲ್ಲ. ಮಗನಿಗೆ ಬರುತ್ತೆ.”

ಆಡಬಾರದಿತ್ತು ಅನಿಸಿತು. ಅಮ್ಮನ ಮುಖ ಚಿಕ್ಕದಾಯಿತು. “ನಾನೇ ಕೊಟ್ಟು, ನಾನೇ ಹೊಡೆದೆನಲ್ಲೋ” ಎಂದಳು. ಎದ್ದು ಒಳಗೆ ಹೋದವಳು ಪಾತ್ರೆಗಳನ್ನು ಬೇಕಿಲ್ಲದಿದ್ದರೂ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

ತಾತ ತುಟಿಪಿಟಕ್ಕೆನ್ನದೆ ಊಟ ಮುಗಿಸಿದರು. ಮೊದಲಿಂದಲೂ ಅವರು ಮಾತಿನಲ್ಲಿ ಜಿಪುಣರು. ರೈಲ್ವೆ ಸ್ಟೇಷನ್ನಿನ ಸಾಮಾನು ವಿಭಾಗದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸಂಜೆ “ಬಾ, ಒಂದು ಸುತ್ತು ಹಾಕ್ಕೊಂಡು ಬರೋಣ” ಎಂದು ಮೊಮ್ಮಗನನ್ನು ಕರೆದುಕೊಂಡು ಹೊರಟರು. ಹಳಿಗಳ ಮೇಲಿನ ಸೇತುವೆಯ ತನಕ ನಡೆದರು. ಅಲ್ಲಿ ಕಂಬಿ ಹಿಡಿದು ನಿಂತು ಕೇಳಿದರು.

“ಆ ಚುಕ್ಕಿ ಪುಸ್ತಕದಲ್ಲಿ, ಎರಡನೇ ಹಾಳೆ. ನಿನಗೆಷ್ಟು ಕಾಣ್ತು?”

“ಮೂರು.”

“ನನಗೂ ಮೂರೇ ಕಂಡಿದ್ದು.”

ಏಣಿ ತಿರುಗಿ ನೋಡಿದ. ತಾತ ಹಳಿಗಳನ್ನೇ ನೋಡುತ್ತಿದ್ದರು.

“ಎಂಜಿನ್ ಡ್ರೈವರ್ ಆಗಬೇಕು ಅಂತ ಆಸೆ ಇತ್ತು ನನಗೆ. ಬರೆಯೋದರಲ್ಲಿ ಪಾಸಾದೆ, ಓಟದಲ್ಲಿ ಪಾಸಾದೆ. ಕೊನೇಲಿ ಆ ಪುಸ್ತಕ ಹಿಡಿದ್ರು. ಆಮೇಲೆ ಕತ್ತಲೆ ಕೋಣೇಲಿ ಕೂರಿಸಿ ಪುಟ್ಟ ಪುಟ್ಟ ದೀಪ ತೋರಿಸಿದ್ರು, ಕೆಂಪು ಯಾವುದು ಹಸಿರು ಯಾವುದು ಹೇಳು ಅಂತ. ನಾನು ಬಾಯಿಗೆ ಬಂದದ್ದು ಹೇಳಿದೆ.” ಅವರು ಸ್ವಲ್ಪ ನಕ್ಕರು. “ಅವರು ಮಾಡಿದ್ದು ಸರಿನೇ. ನೂರಾರು ಜನರನ್ನ ಹಿಂದೆ ಕೂರಿಸಿಕೊಂಡು ಹೋಗೋ ಕೆಲಸ.”

“ಅಜ್ಜಿಗೆ ಗೊತ್ತಿತ್ತಾ?”

“ಯಾರಿಗೂ ಗೊತ್ತಿರಲಿಲ್ಲ. ಎಂಜಿನ್ ಬಿಸಿ ನನಗೆ ಆಗಿಬರಲ್ಲ, ಅದಕ್ಕೇ ಬಿಟ್ಟೆ ಅಂತ ಹೇಳ್ಕೊಂಡೆ. ಒಂದು ಸಲ ಹೇಳಿದ ಮೇಲೆ ಅದನ್ನೇ ಸಾಕಬೇಕಲ್ಲಪ್ಪ. ನಿಮ್ಮಜ್ಜಿ ಸೀರೆ ತೋರಿಸಿ ‘ಹೇಗಿದೆ?’ ಅಂದ್ರೆ ‘ಚೆನ್ನಾಗಿದೆ’ ಅಂದು ಎದ್ದುಹೋಗ್ತಿದ್ದೆ. ಬಣ್ಣದ ಮಾತು ಬಂದರೆ ಜಾಗ ಖಾಲಿ. ಇವರಿಗೆ ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಅವಳು ಕೊನೇವರೆಗೂ ನೊಂದ್ಕೊಂಡಳು.”

ಕೆಳಗೆ ಒಂದು ಗೂಡ್ಸ್ ರೈಲು ಬಂತು. ಅದು ಪೂರ್ತಿ ಹಾದುಹೋಗುವವರೆಗೆ ಕಾದು ತಾತ ಮೊಮ್ಮಗನ ಕಡೆ ತಿರುಗಿದರು.

“ಹೋಗಿ ಹೇಳು ನಿಮ್ಮ ಮೇಡಂಗೆ. ಬೈದರೆ ಬೈಸ್ಕೋ. ಕಳಿಸಿದರೆ ವಾಪಸ್ ಬಾ, ನಾನಿದ್ದೀನಿ. ಆದರೆ ನನ್ನ ಥರ ಜನ್ಮಪೂರ್ತಿ ತಪ್ಪಿಸಿಕೊಂಡು ಓಡಾಡಬೇಡ.”

ಸೋಮವಾರ ಏಣಿ ಫಿಸಿಯಾಲಜಿ ಮೇಡಂ ಕೋಣೆಯ ಮುಂದೆ ನಿಂತ. ಕೈ ಎತ್ತಿದ, ಬಾಗಿಲು ತಟ್ಟಲಿಲ್ಲ. ನೀರು ಕುಡಿದು ಬಂದ, ಆಗಲೂ ತಟ್ಟಲಿಲ್ಲ. ಕೊನೆಗೆ ಮೇಡಮ್ಮೇ ಒಳಗಿನಿಂದ ಕೂಗಿದರು, “ಬಾಗಿಲ ಮೇಲಿನ ಗಾಜಲ್ಲಿ ನಿನ್ನ ತಲೆ ಕಾಣ್ತಿದೆ, ಒಳಗೆ ಬಾಪ್ಪ.”

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀನು ಯಾವಾಗ ಬರ್ತೀಯ ಅಂತ ನೋಡ್ತಿದ್ದೆ. ನಿನ್ನ ಜೋಡಿ ಅವಸರದಲ್ಲಿ ಎಪ್ಪತ್ತನಾಲ್ಕನ್ನ ನಲವತ್ತೇಳು ಅಂತ ಬರೆದಿದ್ದಳು. ನೀನೂ ನಲವತ್ತೇಳು ಬರೆದಿದ್ದೆ.”

ಏಣಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

“ನನ್ನನ್ನ ಕಳಿಸಿಬಿಡ್ತೀರಾ ಮೇಡಂ?”

“ಯಾರು ಹೇಳಿದ್ದು ಹಾಗಂತ? ಇದಕ್ಕೆ ಇಲ್ಲಿ ಯಾರನ್ನೂ ಕಳಿಸಲ್ಲ. ನಿನ್ನ ಹಾಗೆ ಇರೋ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ.” ಆಮೇಲೆ ಅವರ ದನಿ ಬಿಗಿಯಾಯಿತು. “ಆದರೆ ಕೇಳು. ನಾಳೆ ನಿನ್ನ ಮುಂದೆ ರೋಗಿ ಇರ್ತಾನೆ. ಮೈಮೇಲೆ ಕೆಂಪು ದದ್ದು ಎದ್ದಿದೆಯೋ ಇಲ್ವೋ, ಉಗುಳಿದ್ದರಲ್ಲಿ ರಕ್ತ ಇದೆಯೋ ಇಲ್ವೋ, ನಿನಗೆ ಗೊತ್ತಾಗದೆ ಹೋಗಬಹುದು. ಆಗ ಪಕ್ಕದವರನ್ನ ಕೇಳಬೇಕು. ನರ್ಸನ್ನ ಕೇಳು, ರೋಗಿಯ ಹೆಂಡತಿಯನ್ನ ಕೇಳು, ಅದರಲ್ಲಿ ಅವಮಾನ ಇಲ್ಲ. ಗೊತ್ತಿರೋನ ಹಾಗೆ ಇನ್ನೊಬ್ಬರದು ನೋಡಿ ಬರೀತೀಯಲ್ಲ, ಅಪಾಯ ಇರೋದು ಅಲ್ಲಿ. ಅರ್ಥ ಆಯ್ತಾ?”

“ಆಯ್ತು ಮೇಡಂ.”

“ಈಗ ಹೋಗಿ ಸ್ಲೈಡ್ ಮೇಷ್ಟ್ರಿಗೂ ಹೇಳು.”

ಅದು ಇನ್ನೂ ಕಷ್ಟದ ಕೆಲಸ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. “ಆವತ್ತು ಎಲ್ಲರ ಮುಂದೆ ನಾನು ಹಾಗೆ ಅನ್ನಬಾರದಿತ್ತು ಕಣಯ್ಯಾ” ಎಂದರು. “ನಾಳೆಯಿಂದ ಕ್ಲಾಸು ಮುಗಿದ ಮೇಲೆ ನಿಲ್ಲು.”

ಮಾರನೆಯ ದಿನ ಮೇಷ್ಟ್ರು ಪರದೆಯ ಮೇಲೆ ಸ್ಲೈಡುಗಳನ್ನೆಲ್ಲ ಕಪ್ಪುಬಿಳುಪಿನಲ್ಲಿ ತೋರಿಸಿ “ಹೇಳಿ ನೋಡೋಣ” ಎಂದರು. ಕ್ಲಾಸಿಗೆ ಕ್ಲಾಸೇ ತಬ್ಬಿಬ್ಬಾಯಿತು. ಕಿಡ್ನಿಯನ್ನು ಲಿವರು ಎಂದವರು, ನಾಲಿಗೆಯನ್ನು ಚರ್ಮ ಎಂದವರು, ಗಿಣಿಯಂತೂ ಶ್ವಾಸಕೋಶವನ್ನು “ಕೊಬ್ಬು” ಎಂದಳು. ಏಣಿಯೂ ಬಹಳಷ್ಟು ತಪ್ಪಿದ. “ನೋಡಿದ್ರಾ, ಇಷ್ಟು ದಿನ ನೀವೆಲ್ಲ ಬರೀ ಬಣ್ಣ ನೋಡ್ತಿದ್ರಿ. ಸ್ಲೈಡು ನೋಡಿರಲೇ ಇಲ್ಲ” ಎಂದರು ಮೇಷ್ಟ್ರು. ಯಾಕೆ ಹೀಗೆ ಮಾಡಿದರೆಂದು ಅವರು ಹೇಳಲಿಲ್ಲ. ಏಣಿಯೇ ಊಟದ ಹೊತ್ತಿಗೆ ಗೆಳೆಯರಿಗೆ ವಿಷಯ ಹೇಳಿದ. ಒಬ್ಬ ತನ್ನ ಅಂಗಿ ತೋರಿಸಿ “ಇದ್ಯಾವ ಬಣ್ಣ ಹೇಳು” ಎಂದ, ಇನ್ನೊಬ್ಬ ತನ್ನದು ತೋರಿಸಿದ. ಎರಡು ದಿನ ಇದೇ ಆಟ ನಡೆದು, ಆಮೇಲೆ ಅವರಿಗೇ ಸಾಕಾಯಿತು.

ಸಂಜೆಯ ಪಾಠ ನಿಧಾನವಾಗಿ ಸಾಗಿತು. “ಅಂಚು ನೋಡು. ಸಾಲು ನೋಡು. ಖಾಲಿ ಜಾಗ ಎಲ್ಲಿದೆ ನೋಡು” ಎನ್ನುತ್ತಿದ್ದರು ಮೇಷ್ಟ್ರು. ಲಿವರಿನ ಕೋಶಗಳು ಗಾಲಿಯ ಕಡ್ಡಿಗಳಂತೆ ನಡುವಿನಿಂದ ಹೊರಟಿರುತ್ತವೆ, ಹೃದಯದ ಸ್ನಾಯು ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಬಣ್ಣವನ್ನು ಲೆಕ್ಕಕ್ಕಿಡದೆ ನೋಡಿದರೆ ಮಬ್ಬಿನೊಳಗಿಂದ ಅವು ಮೆಲ್ಲಗೆ ಎದ್ದುಬರುತ್ತಿದ್ದವು. ಕೆಲವು ಸ್ಲೈಡುಗಳು ಮಾತ್ರ ಎಷ್ಟು ತಿಣುಕಿದರೂ ಬಗ್ಗಲಿಲ್ಲ. ರೆಕಾರ್ಡಿನಲ್ಲಿ ಬರೀ ಸೀಸದ ಪೆನ್ಸಿಲ್ಲಿನಿಂದ ಬರೆಯಲು ಮೇಷ್ಟ್ರು ಒಪ್ಪಿದರು.

ಮತ್ತೆ ಮನೆಗೆ ಹೋದಾಗ ಅಮ್ಮನ ಅಂಗಡಿಯಲ್ಲಿ ಪ್ರತಿಯೊಂದು ನೂಲಿನ ಡಬ್ಬದ ಮೇಲೂ ಬಣ್ಣದ ಹೆಸರು ದುಂಡಗೆ ಬರೆದು ಅಂಟಿಸಿತ್ತು. “ಬಂದಾಗ ನನಗೆ ಸ್ವಲ್ಪ ಕೈಜೋಡಿಸು, ಒಬ್ಬಳೇ ಏಗಕ್ಕಾಗಲ್ಲ” ಎಂದಳು ಅಮ್ಮ. ಏಣಿ ಅವತ್ತು ಮಧ್ಯಾಹ್ನವಿಡೀ ಅಂಗಡಿಯಲ್ಲಿ ಕುಳಿತ, ಒಂದು ನೂಲೂ ತಪ್ಪಾಗಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಸಾಲಾಗಿ ಮೈಕ್ರೋಸ್ಕೋಪುಗಳನ್ನಿಟ್ಟಿದ್ದರು. ಗಂಟೆ ಬಾರಿಸಿದಾಗ ಒಂದರಿಂದ ಇನ್ನೊಂದಕ್ಕೆ ಸರಿಯಬೇಕು. ಎರಡು ಸ್ಲೈಡು ಅವನಿಗೆ ಕೈಕೊಟ್ಟವು. ಗೊತ್ತಾಗದ ಜಾಗದಲ್ಲಿ ಏನೂ ಗೀಚದೆ ಹಾಗೇ ಬಿಟ್ಟ. ಪಾಸಾದ. ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೆ ಪಾಸು. ಗಿಣಿ ತನ್ನ ಫಲಿತಾಂಶ ಆಮೇಲೆ ನೋಡಿದಳು, ಮೊದಲು ಅವನದು ನೋಡಿ ಕಾರಿಡಾರಿನಲ್ಲೇ ಕಿರುಚಿದಳು.

ಬೇಸಿಗೆಯಲ್ಲಿ ಕಾಲೇಜು ಒಂದು ದಿನ ವಿದ್ಯಾರ್ಥಿಗಳ ಮನೆಯವರಿಗೆ ಬಾಗಿಲು ತೆರೆಯಿತು. ಅಮ್ಮ ಅಂಗಡಿ ಮುಚ್ಚಿ ತಾತನನ್ನು ಕರೆದುಕೊಂಡು ಬಂದಳು. ಏಣಿ ಅವರನ್ನು ಲ್ಯಾಬಿಗೆ ಕರೆದೊಯ್ದು, ಸ್ಟೂಲಿನ ಮೇಲೆ ತಾತನನ್ನು ಕೂರಿಸಿ, ಹೃದಯದ ಸ್ಲೈಡಿಟ್ಟು ಕೊಟ್ಟ. ತಾತ ಒಂದು ಕಣ್ಣು ಮುಚ್ಚಿ ಬಾಗಿದರು.

“ಕಾಣ್ತಿದೆಯಾ ತಾತ? ಕವಲು ಕವಲಾಗಿ?”

“ಕಾಣ್ತಿದೆ ಕಣೋ. ಹಳಿ ಇದ್ದ ಹಾಗಿದೆ, ಸ್ಟೇಷನ್ ಹತ್ತಿರ ಬಂದಾಗ ಒಂದರಿಂದ ಒಂದು ಬಿಚ್ಚಿಕೊಳ್ಳುತ್ತಲ್ಲ, ಹಂಗೆ.”

ಅವರ ಹಿಂದೆ ಯಾರದೋ ಅಪ್ಪ, ಯಾರದೋ ಚಿಕ್ಕಮ್ಮ ಸಾಲಾಗಿ ನಿಂತಿದ್ದರು. “ಅಪ್ಪಾ, ಸಾಕು ಏಳು, ಜನ ಕಾಯ್ತಿದ್ದಾರೆ” ಎಂದಳು ಅಮ್ಮ. ತಾತ ಕಣ್ಣು ತೆಗೆಯದೆ, “ಇರಮ್ಮ, ಇನ್ನೂ ನೋಡ್ತಿದ್ದೀನಿ” ಎಂದರು.